ಹೊಸ ಬ್ರೇಕ್ ಪ್ಯಾಡಿನ ಸದ್ದುಗಳು

ಬ್ರೇಕ್ ಪ್ಯಾಡ್ ಬದಲಿಸುವುದನ್ನು ಕಲಿಯಲು ಬಂದವರ ಕೈಗೆ ಸ್ಪ್ಯಾನರ್ ಕೊಡುವ ಮೊದಲೇ ನಾನೊಂದು ಮಾತು ಹೇಳಿಬಿಡುತ್ತೇನೆ: ಕೆಲಸ ಮುಗಿದ ಮೇಲೆ ಗಾಡಿ ಸದ್ದು ಮಾಡುತ್ತದೆ, ಗಾಬರಿಯಾಗಬೇಡಿ. ಹಾಗೆಂದು ಎಲ್ಲ ಸದ್ದನ್ನೂ ‘ಹೊಸದಲ್ವಾ, ಸರಿಹೋಗುತ್ತೆ’ ಎಂದು ತಳ್ಳಿಹಾಕಲೂ ಬೇಡಿ. ಕೆಲವು ಸದ್ದು ನಾಲ್ಕು ದಿನದಲ್ಲಿ ತಾನಾಗಿ ಅಡಗುತ್ತವೆ, ಕೆಲವಕ್ಕೆ ಚಕ್ರವನ್ನು ಮತ್ತೆ ಬಿಚ್ಚಿ ಅರ್ಧ ಗಂಟೆ ಕೆಲಸ ಮಾಡಬೇಕಾಗುತ್ತದೆ. ಒಂದೆರಡು ಸದ್ದುಗಳಂತೂ ಕೇಳಿದ ಜಾಗದಲ್ಲೇ ಗಾಡಿ ನಿಲ್ಲಿಸಬೇಕಾದಂಥವು. ಹೊಸಬರು ಎಡವುವುದು ಇಲ್ಲಿಯೇ. ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಕಿರುಚುವ ಬ್ರೇಕು ಬಹಳ ಸಲ ನಿರಪಾಯಕಾರಿ. ರೇಡಿಯೊ ಹಾಕಿದರೆ ಕೇಳಿಸದಷ್ಟು ಸಣ್ಣ ‘ಟಕ್’ ಒಂದು ಬೋಲ್ಟು ಸಡಿಲವಾಗಿರುವುದರ ಸೂಚನೆ ಆಗಿರಬಹುದು. ಸದ್ದು ಎಷ್ಟು ಜೋರಾಗಿದೆ ಎಂಬುದರ ಮೇಲೆ ಅಪಾಯವನ್ನು ಅಳೆಯಲು ಹೋಗಬೇಡಿ. ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗಮನಿಸಿ.

ಅದಕ್ಕೂ ಮೊದಲು ಚಕ್ರದ ಒಳಗೆ ಏನಿದೆ ನೋಡೋಣ. ನಮ್ಮ ರಸ್ತೆಗಳಲ್ಲಿ ಓಡುವ ಸ್ವಿಫ್ಟ್, ವ್ಯಾಗನ್ ಆರ್, ಟಿಯಾಗೊದಂಥ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್ ಬ್ರೇಕು, ಹಿಂದೆ ಸಾಮಾನ್ಯವಾಗಿ ಡ್ರಮ್ ಬ್ರೇಕು. ಮನೆಯಲ್ಲಿ ಪ್ಯಾಡ್ ಬದಲಿಸುವುದೆಂದರೆ ಮುಂದಿನ ಎರಡು ಚಕ್ರಗಳ ಕೆಲಸ. ಚಕ್ರದ ಜೊತೆಗೇ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಒಂದು ಅಂಚನ್ನು ಎರಡೂ ಕಡೆಯಿಂದ ತಬ್ಬಿಕೊಂಡು ಕೂತಿರುವುದು ಕ್ಯಾಲಿಪರ್. ಕ್ಯಾಲಿಪರಿನ ಒಳಗೆ ಡಿಸ್ಕಿನ ಆ ಕಡೆಗೊಂದು, ಈ ಕಡೆಗೊಂದು ಪ್ಯಾಡ್. ಪ್ರತಿ ಪ್ಯಾಡಿಗೂ ಉಕ್ಕಿನ ಬೆನ್ನುತಗಡು ಇರುತ್ತದೆ, ಅದಕ್ಕೆ ಅಂಟಿಸಿದ ಉಜ್ಜುವ ಪದರ ಡಿಸ್ಕಿನ ಕಡೆ ಮುಖ ಮಾಡಿರುತ್ತದೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒಂದೇ ಒಂದು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ತಂದು ಒತ್ತುತ್ತದೆ. ಪೆಡಲ್ ಬಿಟ್ಟ ಮೇಲೆ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲು, ಒತ್ತಿದಾಗ ತಿರುಚಿಕೊಂಡದ್ದು, ಬಿಟ್ಟಾಗ ತನ್ನ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ ಅಂತರ. ಅಂದರೆ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಡಿಸ್ಕಿನಿಂದ ದೂರ ಸರಿಯುವುದೇ ಇಲ್ಲ ಎನ್ನಬಹುದು. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ‘ಸ್ಸ್’ ಎಂದು ತೆಳ್ಳಗೆ ಸವರಿದ ಸದ್ದು ಕೇಳುವುದು ಸಹಜ. ಚಕ್ರ ಸಲೀಸಾಗಿ ತಿರುಗುತ್ತಿದ್ದರೆ ಆ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈಗ ಸದ್ದನ್ನು ಹುಡುಕುವ ಬಗೆ. ವಾಹನ ಸಂಚಾರವಿಲ್ಲದ ರಸ್ತೆಗೆ ಹೋಗಿ. ಏಸಿ, ರೇಡಿಯೊ ಆರಿಸಿ, ಎರಡೂ ಬದಿಯ ಗಾಜು ಇಳಿಸಿ. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಇಪ್ಪತ್ತು ಕಿ.ಮೀ. ವೇಗದಲ್ಲಿ ಹೋಗಿ. ಗೋಡೆಗೆ ಬಡಿದು ವಾಪಸು ಬರುವ ಸದ್ದು, ಬಯಲಿನಲ್ಲಿ ಕೇಳುವುದಕ್ಕಿಂತ ಎಷ್ಟೋ ಸ್ಪಷ್ಟವಾಗಿರುತ್ತದೆ. ಹೋಗುವಾಗ ಗೋಡೆ ಎಡಕ್ಕಿದ್ದರೆ ಬರುವಾಗ ಬಲಕ್ಕೆ ಸಿಗುತ್ತದೆ. ಯಾವ ಚಕ್ರ ಎಂಬುದು ಅಲ್ಲೇ ತಿಳಿಯುತ್ತದೆ. ಮೊದಲು ಪೆಡಲ್ ಮುಟ್ಟದೆ ಕೇಳಿ. ಆಮೇಲೆ ಮೆಲ್ಲಗೆ ತುಳಿದು ಕೇಳಿ. ಪೆಡಲ್ ತುಳಿದಾಗ ಮಾತ್ರ ಬರುವ ಸದ್ದು ಒಂದು ಜಾತಿ, ತುಳಿದಾಗ ನಿಂತುಹೋಗುವ ಸದ್ದು ಇನ್ನೊಂದು ಜಾತಿ, ಪೆಡಲಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಚಕ್ರದ ವೇಗದ ಜೊತೆ ಏರಿ ಇಳಿಯುವುದು ಮತ್ತೊಂದು. ಒಮ್ಮೆ ಮಾತ್ರ ‘ಟಕ್’ ಎಂದು ಸುಮ್ಮನಾಗುವುದು ನಾಲ್ಕನೆಯದು. ಈ ನಾಲ್ಕನ್ನು ಬಿಡಿಸಿಕೊಂಡರೆ ಕೆಲಸ ಅರ್ಧ ಮುಗಿದ ಹಾಗೆ.

ಮೊದಲ ದಿನ ಪೆಡಲ್ ತುಳಿದಾಗ ಕೇಳುವ ಒರಟು ‘ಗುರ್ರ್’ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಬಹುತೇಕ ಎಲ್ಲರಿಗೂ ಸಿಗುವುದು ಇದೇ. ಹಳೆಯ ಡಿಸ್ಕಿನ ಮೈ ಹಳೆಯ ಪ್ಯಾಡಿನ ಜೊತೆ ಸವೆದು ಸವೆದು ಸಣ್ಣ ಗೀರುಗಳಾಗಿ ಕೂತಿರುತ್ತದೆ. ಹೊಸ ಪ್ಯಾಡಿನ ಮುಖ ಮಟ್ಟಸ. ಎರಡೂ ಒಂದಕ್ಕೊಂದು ಹೊಂದುವವರೆಗೆ ಅಲ್ಲಲ್ಲಿ ಮಾತ್ರ ತಾಗುತ್ತವೆ. ಜೊತೆಗೆ, ಬ್ರೇಕು ಚೆನ್ನಾಗಿ ಹಿಡಿಯಬೇಕಾದರೆ ಪ್ಯಾಡಿನ ವಸ್ತುವಿನ ತೆಳುವಾದ ಪೊರೆಯೊಂದು ಡಿಸ್ಕಿನ ಮೇಲೆ ಸಮನಾಗಿ ಹರಡಬೇಕು. ಅದಕ್ಕೆ ಬಿಸಿ ಬೇಕು, ಬಿಸಿಯ ನಡುವೆ ತಣಿಯಲು ಹೊತ್ತು ಬೇಕು. ಇದನ್ನು ಮೆಕ್ಯಾನಿಕ್‌ಗಳು ಪ್ಯಾಡ್ ಸೆಟ್ ಆಗುವುದು ಎನ್ನುತ್ತಾರೆ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಸುಮಾರು 10ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಬ್ರೇಕ್ ಹಿಡಿದು ಇಳಿಸಿ. ಮತ್ತೆ ವೇಗ ಹಿಡಿದು ಅರ್ಧ ನಿಮಿಷವಾದರೂ ಗಾಳಿಗೆ ತಣಿಯಲು ಬಿಡಿ. ಹೀಗೆ ಹತ್ತು ಸಲ ಆದ ಮೇಲೆ, ಬ್ರೇಕ್ ಬಳಸದೆ ನಾಲ್ಕೈದು ಕಿ.ಮೀ. ಓಡಿಸಿ. ಪ್ಯಾಡಿನ ಡಬ್ಬಿಯ ಮೇಲೆ ತಯಾರಕರು ಬೇರೆ ಕ್ರಮ ಬರೆದಿದ್ದರೆ ಅದನ್ನೇ ಪಾಲಿಸಿ. ಬಿಸಿಯಾದ ಬ್ರೇಕನ್ನು ಸಿಗ್ನಲ್ಲಿನಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು ನಿಲ್ಲಬೇಡಿ. ಪ್ಯಾಡ್ ಕೂತ ಜಾಗದಲ್ಲಿ ಮಾತ್ರ ಪೊರೆ ದಪ್ಪವಾಗಿ ಅಂಟಿ, ಆಮೇಲೆ ಪ್ರತಿ ಸುತ್ತಿಗೂ ಪೆಡಲ್ ನಡುಗತೊಡಗುತ್ತದೆ. ಇನ್ನೊಂದು ಮಾತು. ಪ್ಯಾಡ್ ಬದಲಿಸಿದ ಮರುದಿನವೇ ಶಿರಾಡಿ, ಚಾರ್ಮಾಡಿ, ಆಗುಂಬೆ ಎಂದು ಘಾಟಿ ಇಳಿಯಲು ಹೊರಡಬೇಡಿ. ಹೊಂದಿಕೊಳ್ಳದ ಪ್ಯಾಡಿಗೆ ಅಷ್ಟುದ್ದದ ಇಳಿಜಾರು ಬಹಳ ದೊಡ್ಡ ಪರೀಕ್ಷೆ. ಊರೊಳಗೆ ಇನ್ನೂರು ಮುನ್ನೂರು ಕಿ.ಮೀ. ಓಡಲಿ, ಆಮೇಲೆ ಹೋಗಿ.

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಸದ್ದು ಸೇರುತ್ತದೆ. ರಾತ್ರಿಯಿಡೀ ಹೊರಗೆ ನಿಂತ ಕಾರಿನ ಡಿಸ್ಕಿನ ಮೇಲೆ ಬೆಳಗಾಗುವುದರೊಳಗೆ ಕೇಸರಿ ಬಣ್ಣದ ತುಕ್ಕಿನ ಪುಡಿ ಕೂತಿರುತ್ತದೆ. ಕರಾವಳಿಯಲ್ಲಂತೂ ಉಪ್ಪಿನ ಗಾಳಿಗೆ ಇನ್ನೂ ಬೇಗ. ಮೊದಲ ನಾಲ್ಕೈದು ಬ್ರೇಕಿಗೆ ‘ಕರಕರ’ ಎಂದು ಕೆರೆದು ಆಮೇಲೆ ನಿಂತುಹೋದರೆ ಅದು ತುಕ್ಕು ಕಳಚಿದ ಸದ್ದು. ಅದಕ್ಕೆ ಏನೂ ಮಾಡಬೇಕಿಲ್ಲ.

ಇನ್ನು ಎಲ್ಲರನ್ನೂ ಕಾಡುವ ‘ಕೀಂ’. ಡಿಸ್ಕ್ ಬ್ರೇಕು ಹುಟ್ಟಿದ ದಿನದಿಂದಲೂ ಈ ಕಿರುಚಾಟ ಅದರ ಬೆನ್ನಿಗಿದೆ. ಬರ್ಮಿಂಗ್‌ಹ್ಯಾಮ್‌ನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಅದರ ಪ್ಯಾಡು ತಾಮ್ರದ್ದಾಗಿತ್ತು. ಲೋಹಕ್ಕೆ ಲೋಹ ಉಜ್ಜಿ ಅದು ಕೇಳಲಾಗದಷ್ಟು ಕಿರುಚುತ್ತಿತ್ತು. ಹರ್ಬರ್ಟ್ ಫ್ರೂಡ್ ಕಲ್ನಾರಿನ ಪದರ ಹಾಕಿದ ಮೇಲೆಯೇ ಅದು ತಕ್ಕಮಟ್ಟಿಗೆ ಸುಮ್ಮನಾದದ್ದು. ಆ ಕಲ್ನಾರು ಶ್ವಾಸಕೋಶಕ್ಕೆ ವಿಷವೆಂದು ಗೊತ್ತಾದದ್ದು ಆಮೇಲಿನ ಮಾತು. ಇಂದಿಗೂ ಹಳೆಯ ಪ್ಯಾಡಿನ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಮಾಸ್ಕ್ ಇರಲಿ ಎಂದು ನಾನು ಒತ್ತಾಯಿಸುವುದು ಪುಡಿಯಲ್ಲಿ ಏನಿದೆಯೋ ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ. ಕಿರುಚುವುದಕ್ಕೆ ಕಾರಣ ಸರಳ. ಪ್ಯಾಡು ಡಿಸ್ಕನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗಾದಾಗ ಪಿಟೀಲಿನ ಕಮಾನಿಗೆ ಸಿಕ್ಕ ತಂತಿಯಂತೆ ಡಿಸ್ಕು ಮಿಡಿಯತೊಡಗುತ್ತದೆ. ನಿಲ್ಲುವ ಹೊತ್ತಿಗೆ, ಮೆಲ್ಲಗೆ ತುಳಿದಾಗಲೇ ಇದು ಹೆಚ್ಚು. ಗಟ್ಟಿಯಾಗಿ ತುಳಿದರೆ ಬಹಳ ಸಲ ಅಡಗುತ್ತದೆ. ಪ್ಯಾಡಿನಲ್ಲಿ ಲೋಹದ ಅಂಶ ಜಾಸ್ತಿ ಇದ್ದಷ್ಟೂ ಕಿರುಚುವ ಸಾಧ್ಯತೆ ಜಾಸ್ತಿ. ನಿಲ್ಲಿಸುವ ಶಕ್ತಿಗೆ ಇದರಿಂದ ಕುಂದು ಬಂತೆಂದು ತಿಳಿಯಬೇಕಿಲ್ಲ.

ಆದರೆ ಒಂದು ವಾರ ಕಳೆದರೂ ಕಿರುಚುವುದು ನಿಲ್ಲದಿದ್ದರೆ, ಹತ್ತರಲ್ಲಿ ಎಂಟು ಪಾಲು ತಪ್ಪು ಪ್ಯಾಡಿನದಲ್ಲ, ಅದು ಕೂತ ಜಾಗದ್ದು ಎಂದೇ ನಾನು ಹುಡುಕಲು ಹೊರಡುತ್ತೇನೆ. ಚಕ್ರ ಬಿಚ್ಚಿ, ಕ್ಯಾಲಿಪರ್ ಎತ್ತಿ, ಪ್ಯಾಡು ಹೊರಗೆಳೆಯಿರಿ. ಪ್ಯಾಡಿನ ಬೆನ್ನುತಗಡಿಗೆ ಎರಡು ತುದಿಯಲ್ಲಿ ಕಿವಿಗಳಿವೆ. ಆ ಕಿವಿಗಳು ಕ್ಯಾಲಿಪರನ್ನು ಹಿಡಿದಿರುವ ಬ್ರ್ಯಾಕೆಟ್ಟಿನ ತೋಡಿನಲ್ಲಿ ಕೂರುವಲ್ಲಿ ಹೊಳೆಯುವ ತೆಳು ಸ್ಟೀಲ್ ಕ್ಲಿಪ್ಪು ಇದೆ. ಆ ಕ್ಲಿಪ್ಪನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿ ನೋಡಿ. ಅದರ ಅಡಿಯಲ್ಲಿ ಕಂದು ತುಕ್ಕು ಪದರಪದರವಾಗಿ ಬೆಳೆದು, ಕ್ಲಿಪ್ಪನ್ನು ಒಳಗಿನಿಂದ ಮೇಲಕ್ಕೆ ಉಬ್ಬಿಸಿರುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆ ಉಬ್ಬಿನಿಂದಾಗಿ ಪ್ಯಾಡು ಜಾರುವ ಬದಲು ಸಿಕ್ಕಿಹಾಕಿಕೊಳ್ಳುತ್ತದೆ, ಓರೆಯಾಗಿ ಡಿಸ್ಕನ್ನು ಮುಟ್ಟುತ್ತದೆ. ಹೊಸ ಪ್ಯಾಡನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಬೇಕಾಗಿ ಬಂದಿದ್ದರೆ ಅಲ್ಲಿಯೇ ಅನುಮಾನ ಪಡಬೇಕಿತ್ತು. ಕೈಯಿಂದ ಒತ್ತಿದರೆ ಪ್ಯಾಡು ಸಲೀಸಾಗಿ ಕೂರಬೇಕು. ವೈರ್ ಬ್ರಶ್ಶಿನಿಂದ ಆ ತುಕ್ಕನ್ನು ಲೋಹ ಕಾಣುವ ತನಕ ಉಜ್ಜಿ, ಹೊಸ ಕ್ಲಿಪ್ ಹಾಕಿ. ಹೊಸ ಪ್ಯಾಡಿನ ಸೆಟ್ಟಿನ ಜೊತೆ ಕ್ಲಿಪ್ಪು ಬಂದಿದ್ದರೆ ಹಳೆಯದನ್ನೇ ಮತ್ತೆ ಹಾಕುವ ಉಳಿತಾಯ ಬೇಡ. ಕಿವಿಗಳಿಗೆ, ಪ್ಯಾಡಿನ ಬೆನ್ನಿಗೆ ಪಿಸ್ಟನ್ ತಾಗುವಲ್ಲಿ ಬ್ರೇಕಿಗೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಿ. ಬೆನ್ನಿನ ಮೇಲೆ ತೆಳು ತಗಡಿನ ಶಿಮ್ ಇದ್ದರೆ ಅದು ನಡುಕವನ್ನು ನುಂಗಲೆಂದೇ ಇರುವುದು, ಬಿಸಾಡಬೇಡಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ಇಲ್ಲಿ ಬೇಡವೇ ಬೇಡ. ಅದು ಬಿಸಿಗೆ ಕರಗಿ ಹರಿಯುತ್ತದೆ, ರಬ್ಬರನ್ನು ಊದಿಸುತ್ತದೆ. ಉಜ್ಜುವ ಮುಖಕ್ಕೆ ಗ್ರೀಸಾಗಲಿ ಬ್ರೇಕ್ ಆಯಿಲ್ಲಾಗಲಿ ಚೆನ್ನಾಗಿ ಹತ್ತಿದ್ದರೆ ಆ ಪ್ಯಾಡನ್ನು ಉಳಿಸಿಕೊಳ್ಳುವ ಆಸೆ ಬಿಡಿ, ಎರಡೂ ಬದಿಗೆ ಹೊಸ ಸೆಟ್ಟು ಹಾಕಿ.

ಹೊಸ ಪ್ಯಾಡೇ ಹಳೆಯದರಂತೆ ಕೂಗುವುದಕ್ಕೆ ಇನ್ನೊಂದು ಕಾರಣವಿದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಸವೆದಾಗ ಡಿಸ್ಕಿಗೆ ತಾಗಿ ಎಚ್ಚರಿಸಲೆಂದು ಹಲವು ಪ್ಯಾಡುಗಳಿಗೆ ಉಕ್ಕಿನ ಪುಟ್ಟ ನಾಲಿಗೆ ಇರುತ್ತದೆ, ಬಹಳಷ್ಟು ಕಾರುಗಳಲ್ಲಿ ಒಳಗಿನ ಪ್ಯಾಡಿಗೆ. ಒಳಗಿನದನ್ನು ಹೊರಗೆ, ಎಡದ್ದನ್ನು ಬಲಕ್ಕೆ ಹಾಕಿದರೆ ಅಥವಾ ಹಾಕುವಾಗ ನಾಲಿಗೆ ಬಾಗಿದರೆ, ಅದು ಮೊದಲ ದಿನದಿಂದಲೇ ಡಿಸ್ಕನ್ನೋ ಬ್ರ್ಯಾಕೆಟ್ಟನ್ನೋ ಸವರುತ್ತಿರುತ್ತದೆ. ಇದಕ್ಕೇ ನಾನು ಹೇಳುವುದು, ಎರಡೂ ಚಕ್ರವನ್ನು ಒಟ್ಟಿಗೆ ಬಿಚ್ಚಬೇಡಿ ಎಂದು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಸಂಶಯ ಬಂದಾಗ ಬಿಚ್ಚದ ಬದಿಯನ್ನು ನೋಡಿ ತಿಳಿಯಬಹುದು.

ಈಗ ಪೆಡಲ್ ಮುಟ್ಟದೇ ಇರುವಾಗ ಬರುವ ಸದ್ದು. ನಮ್ಮಲ್ಲಿ ಕಲಿತು ಹೋದ ಹುಡುಗನೊಬ್ಬ ಸಂಜೆ ಫೋನ್ ಮಾಡಿದ್ದ.

“ಸರ್, ಪ್ಯಾಡ್ ಹಾಕಿದ್ಮೇಲೆ ಎಡಗಡೆ ಸರಕ್ ಸರಕ್ ಅಂತಿದೆ. ಪ್ಯಾಡ್ ಡೂಪ್ಲಿಕೇಟ್ ಇರಬೇಕು.”

“ಬ್ರೇಕ್ ಹಿಡಿದ್ರೆ ನಿಲ್ಲುತ್ತಾ?”

“ಇಲ್ಲ ಸರ್, ಹಿಡಿದ್ರೂ ಒಂದೇ, ಬಿಟ್ರೂ ಒಂದೇ. ಸ್ಪೀಡ್ ಜಾಸ್ತಿ ಆದ್ರೆ ಸದ್ದೂ ಜಾಸ್ತಿ ಆಗುತ್ತೆ.”

“ಹಾಗಾದ್ರೆ ಪ್ಯಾಡ್ ಬಿಡಪ್ಪ, ಡಿಸ್ಕಿನ ಹಿಂದಿನ ತಗಡು ನೋಡು.”

ಡಿಸ್ಕಿನ ಹಿಂಬದಿಗೆ ಧೂಳು ನೀರು ಹಾರದಂತೆ ತೆಳುವಾದ ತಗಡಿನ ತಟ್ಟೆಯೊಂದಿರುತ್ತದೆ. ಕ್ಯಾಲಿಪರ್ ಬಿಚ್ಚುವಾಗ ಮೊಣಕೈ ತಾಗಿದರೆ, ಸ್ಪ್ಯಾನರ್ ಜಾರಿದರೆ ಅದು ಬಾಗುತ್ತದೆ, ಡಿಸ್ಕಿನ ಅಂಚಿಗೆ ತಾಗುತ್ತದೆ. ತಾಗಿದ ಜಾಗ ಬೆಳ್ಳಗೆ ಮಿಂಚುತ್ತಿರುತ್ತದೆ, ಟಾರ್ಚ್ ಹಾಕಿದರೆ ಸಾಕು. ಬೆರಳಿನಿಂದಲೇ ಹಿಂದಕ್ಕೆ ಬಾಗಿಸಬಹುದು. ಅವನ ಗಾಡಿಯಲ್ಲಿ ಇದ್ದದ್ದೂ ಅದೇ. ಕೆಲವೊಮ್ಮೆ ಅದೇ ತಗಡಿಗೂ ಡಿಸ್ಕಿಗೂ ನಡುವೆ ಜಲ್ಲಿಕಲ್ಲಿನ ಚೂರು ಸಿಕ್ಕಿ, ಎದೆ ಝಲ್ಲೆನ್ನುವಂತೆ ಕೀರಲು ಸದ್ದು ಬರುತ್ತದೆ. ಖಾಲಿ ಜಾಗದಲ್ಲಿ ಸ್ವಲ್ಪ ಹಿಂದಕ್ಕೆ ಮುಂದಕ್ಕೆ ಓಡಿಸಿದರೆ ಕಲ್ಲು ಉದುರುತ್ತದೆ. ಇದೇ ಹೊತ್ತಿಗೆ ಎಬಿಎಸ್ ಸೆನ್ಸರಿನ ವೈರನ್ನೂ ಒಮ್ಮೆ ನೋಡಿಬಿಡಿ. ಕ್ಲಿಪ್ಪಿನಿಂದ ಕಳಚಿದ ವೈರು ಚಕ್ರಕ್ಕೆ ತಾಗುತ್ತಿದ್ದರೆ ಸದ್ದು ಸಣ್ಣದೇ, ಆದರೆ ವೈರು ಸವೆದು ತುಂಡಾದರೆ ಎಬಿಎಸ್ ಕೆಲಸ ಬಿಡುತ್ತದೆ.

ಹಳೆಯ ಡಿಸ್ಕಿನ ಹೊರ ಅಂಚನ್ನು ಉಗುರಿನಿಂದ ಸವರಿ. ಅಲ್ಲಿ ಏಣಿನಂತೆ ಎದ್ದ ದಂಡೆ ಸಿಕ್ಕರೆ, ಹೊಸ ಪ್ಯಾಡಿನ ಮೂಲೆ ಅದಕ್ಕೆ ಉಜ್ಜುತ್ತಿರಬಹುದು. ದಂಡೆ ದೊಡ್ಡದಾಗಿದೆ ಎಂದರೆ ಡಿಸ್ಕು ಅಷ್ಟು ಸವೆದಿದೆ ಎಂದೇ ಅರ್ಥ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಅಳತೆ ಅದಕ್ಕಿಂತ ಕಡಿಮೆಯಾಗಿದ್ದರೆ ಲೇತಿಗೆ ಕೊಟ್ಟು ಪ್ರಯೋಜನವಿಲ್ಲ, ಡಿಸ್ಕನ್ನೇ ಬದಲಿಸಬೇಕು.

ಪೆಡಲ್ ಬಿಟ್ಟ ಮೇಲೂ ಉಜ್ಜುವ ಸದ್ದು ಹೋಗದೆ, ಗಾಡಿ ಒಂದು ಬದಿಗೆ ಎಳೆಯುತ್ತಿದ್ದರೆ ಮಾತು ಬೇರೆ. ಹತ್ತು ಹದಿನೈದು ಕಿ.ಮೀ. ಓಡಿಸಿ ಬಂದು ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದರಿಂದ ಮಾತ್ರ ಝಳ ಹೊಡೆಯುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಆ ಬದಿಯ ಪ್ಯಾಡು ಡಿಸ್ಕನ್ನು ಬಿಡುತ್ತಿಲ್ಲ. ಕ್ಯಾಲಿಪರ್ ಜಾರುವ ಪಿನ್ನು ಒಣಗಿ ಹಿಡಿದುಕೊಂಡಿರಬಹುದು, ಪಿನ್ನಿನ ರಬ್ಬರ್ ಟೋಪಿ ಹರಿದು ನೀರು ಹೊಕ್ಕಿರಬಹುದು, ಪಿಸ್ಟನ್ನೇ ತುಕ್ಕು ಹಿಡಿದಿರಬಹುದು. ಪಿನ್ನುಗಳನ್ನು ಎಳೆದು ಒರೆಸಿ, ಸಿಲಿಕೋನ್ ಗ್ರೀಸ್ ಹಾಕಿ, ಬೆರಳಲ್ಲಿ ಜಾರಿಸಿ ನೋಡಿ. ಒಂದು ಪಿನ್ನಿಗೆ ತುದಿಯಲ್ಲಿ ರಬ್ಬರ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಬಿಚ್ಚುವಾಗಲೇ ಗುರುತು ಮಾಡಿಕೊಳ್ಳಿ. ಪಿಸ್ಟನ್ ಹಿಂದಕ್ಕೆ ಹೋಗುತ್ತಿಲ್ಲವೆಂದಾದರೆ ಅದು ಮನೆಯಂಗಳದ ಕೆಲಸವಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ‘ಟಕ್’ ಸದ್ದಿಗೆ. ಇದರಲ್ಲಿ ನಿರುಪದ್ರವಿಯೂ ಇದೆ. ರಿವರ್ಸ್ ಬಂದು, ಮುಂದೆ ಹೊರಟು, ಮೊದಲ ಬ್ರೇಕ್ ಹಿಡಿದಾಗ ಒಮ್ಮೆ ‘ಟಿಕ್’ ಎಂದರೆ, ಪ್ಯಾಡು ಬ್ರ್ಯಾಕೆಟ್ಟಿನಲ್ಲಿ ಆ ಬದಿಯಿಂದ ಈ ಬದಿಗೆ ಸರಿದು ಕೂತ ಸದ್ದು ಅದು. ಕ್ಲಿಪ್ಪು ಮರೆತಿದ್ದರೆ ಅಥವಾ ಸಡಿಲವಿದ್ದರೆ ಅದೇ ಜೋರಾಗುತ್ತದೆ, ಹಳ್ಳದಿಣ್ಣೆಯಲ್ಲಿ ಗಡಗಡ ಎನ್ನುತ್ತದೆ. ಆದರೆ ಪ್ರತಿ ಬ್ರೇಕಿಗೂ ‘ಟಕ್’, ತಿರುವಿನಲ್ಲೂ ‘ಟಕ್’, ವೇಗದ ಜೊತೆ ಲಯ ಹಿಡಿದು ‘ದಡ್ ದಡ್’ ಎನ್ನುವುದು ಬಂದರೆ ಗಾಡಿಯನ್ನು ಅಲ್ಲೇ ಪಕ್ಕಕ್ಕೆ ಹಾಕಿ. ವೀಲ್ ನಟ್ಟು ಸಡಿಲವಾಗಿರಬಹುದು, ಕ್ಯಾಲಿಪರಿನ ಬೋಲ್ಟು ಬಿಚ್ಚಿಕೊಳ್ಳುತ್ತಿರಬಹುದು. ಬೋಲ್ಟು ಬಿದ್ದುಹೋದರೆ ಕ್ಯಾಲಿಪರ್ ತಿರುಗಿ ರಿಮ್ಮಿಗೆ ಸಿಕ್ಕಿ ಚಕ್ರವನ್ನೇ ಲಾಕ್ ಮಾಡಬಹುದು. ಸಣ್ಣ ಕಾರುಗಳ ವೀಲ್ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಬೇಕು. ಕ್ಯಾಲಿಪರಿನ ಪಿನ್ ಬೋಲ್ಟಿಗೆ ಅದರ ಮೂರನೇ ಒಂದು ಭಾಗದಷ್ಟೇ ಸಾಕಾಗುವುದೂ ಉಂಟು, ಅದಕ್ಕೇ ಅಳತೆಯಿಲ್ಲದೆ ಬಿಗಿದು ಥ್ರೆಡ್ ಕೆಡಿಸುವವರು ಹೆಚ್ಚು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯನ್ನು ಹಿಡಿದು ಟಾರ್ಕ್ ರೆಂಚ್ ಬಳಸಿ. ಮನೆಯಲ್ಲಿ ಬ್ರೇಕ್ ಕೆಲಸ ಮಾಡುವವರು ಬೇರೆ ಯಾವ ಸಾಮಾನಿಗೆ ಹಣ ಉಳಿಸಿದರೂ ಸರಿ, ಅದಕ್ಕೆ ಬೇಡ.

ಇನ್ನೊಂದು, ‘ಗರಗರ’. ತುಕ್ಕಿನ ಕರಕರದಂತೆ ನಾಲ್ಕು ಬ್ರೇಕಿಗೆ ಹೋಗದೆ, ಪೆಡಲಿನ ಮೂಲಕ ಪಾದಕ್ಕೆ ಮುಟ್ಟುವಂತೆ ಲೋಹ ಲೋಹವನ್ನು ಅರೆಯುವ ಸದ್ದು. ಹೊಸ ಪ್ಯಾಡ್ ಹಾಕಿದ ಮೇಲೂ ಇದು ಬರುವುದು ಹೇಗೆಂದು ಕೇಳುತ್ತಾರೆ. ಪ್ಯಾಡನ್ನು ಹಿಂದುಮುಂದಾಗಿ, ಬೆನ್ನುತಗಡು ಡಿಸ್ಕಿನ ಕಡೆಗೆ ಹಾಕಿದಾಗ ಬರುತ್ತದೆ. ನಂಬಲು ಕಷ್ಟವೆನಿಸಿದರೂ ಸಂಜೆಗತ್ತಲಲ್ಲಿ ಅವಸರಪಟ್ಟವರಿಂದ ಆಗುವ ತಪ್ಪೇ ಇದು. ಉಜ್ಜುವ ಪದರ ಬೆನ್ನುತಗಡಿನಿಂದ ಕಿತ್ತು ಬಂದಾಗಲೂ ಹೀಗೇ ಆಗುತ್ತದೆ. ಎರಡರಲ್ಲೂ ಬ್ರೇಕು ಬ್ರೇಕಾಗಿ ಉಳಿದಿರುವುದಿಲ್ಲ. ಅಲ್ಲಿಂದ ಗಾಡಿ ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗಿ.

ಸದ್ದಿಲ್ಲದ ಅಪಾಯವೊಂದನ್ನೂ ಇಲ್ಲೇ ಹೇಳಬೇಕು. ಹೊಸ ದಪ್ಪ ಪ್ಯಾಡಿಗಾಗಿ ಪಿಸ್ಟನ್ನನ್ನು ಒಳಗೆ ತಳ್ಳಿರುತ್ತೀರಿ. ಹೀಗಾಗಿ ಮೊದಲ ಸಲ ಪೆಡಲ್ ತುಳಿದರೆ ಅದು ನೆಲಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಗಾಡಿ ನಿಂತಲ್ಲೇ, ಗೇರಿಗೆ ಹಾಕುವ ಮೊದಲೇ, ಪೆಡಲ್ ಗಟ್ಟಿಯಾಗುವ ತನಕ ತುಳಿಯುತ್ತಲೇ ಇರಿ. ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪಿಸ್ಟನ್ ತಳ್ಳಿದಾಗ ಆಯಿಲ್ ಮೇಲೇರಿ ಉಕ್ಕಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಅದು ಬಣ್ಣವನ್ನು ತಿನ್ನುತ್ತದೆ.

ಪ್ಯಾಡ್ ಬದಲಿಸಿದ ದಿನವೇ ಕೇಳಿದ ಎಲ್ಲ ಸದ್ದೂ ಪ್ಯಾಡಿನದ್ದೇ ಆಗಬೇಕೆಂದಿಲ್ಲ. ಆ ದಿನ ಕಿವಿ ಚುರುಕಾಗಿರುತ್ತದೆ ಅಷ್ಟೆ. ಹೊರಟು ಸ್ವಲ್ಪ ವೇಗ ಹಿಡಿದಾಗ ಒಮ್ಮೆ ‘ಟಕ್, ಜುಂಯ್’ ಎಂದರೆ ಅದು ಹಲವು ಕಾರುಗಳಲ್ಲಿ ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸದ್ದು, ಮೊದಲೂ ಇತ್ತು. ವೇಗದ ಜೊತೆ ‘ಹೂಂ’ ಎಂದು ಏರುತ್ತ, ತಿರುವಿನಲ್ಲಿ ಹೆಚ್ಚು ಕಡಿಮೆಯಾಗುವುದು ವೀಲ್ ಬೇರಿಂಗಿನದು. ಹಿಂದಿನಿಂದ ಬರುವ ಕೀರಲು ಡ್ರಮ್ಮಿನ ಶೂಗಳದ್ದು, ಅದನ್ನು ಬೇರೆಯೇ ದಿನ ತೆಗೆದು ನೋಡಿ.

ನಿಮ್ಮಿಂದ ಆಗದೆ ಗ್ಯಾರೇಜಿಗೆ ಹೋಗಬೇಕಾಗಿ ಬಂದರೆ ‘ಸೌಂಡ್ ಬರ್ತಿದೆ ಅಣ್ಣಾ, ನೋಡಿ’ ಎಂದಷ್ಟೇ ಹೇಳಬೇಡಿ. ಯಾವ ಚಕ್ರ, ಪೆಡಲ್ ತುಳಿದಾಗಲೋ ಬಿಟ್ಟಾಗಲೋ, ಬೆಳಗಿನ ತಣ್ಣನೆಯ ಗಾಡಿಯಲ್ಲೋ ಬಿಸಿಯಾದ ಮೇಲೋ, ಮುಂದೆ ಹೋಗುವಾಗಲೋ ಹಿಂದೆ ಬರುವಾಗಲೋ ಎಂದು ಹೇಳಿ. ಪ್ಯಾಡನ್ನು ನೀವೇ ಹಾಕಿದ್ದು ಎಂಬುದನ್ನೂ ಮುಚ್ಚಿಡಬೇಡಿ. ಮೆಕ್ಯಾನಿಕ್ಕನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಸದ್ದು ಬಂದ ಕ್ಷಣದಲ್ಲಿ ‘ಇದೇ’ ಎಂದು ತೋರಿಸಿ. ಎಲ್ಲ ಸರಿಯಿದ್ದರೂ, ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ವೀಲ್ ನಟ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ಬಿಗಿ ನೋಡಿ.